ಒಂದು ಚಿಟಿಕೆ ಮದ್ದು

"ಲಂಡನ್ನಲ್ಲಿ ಕೂತ್ಕೊಂಡು ಕೋವಿ ಹಿಡೀತೀಯಾ? ಅಲ್ಲಿ ಪೊಲೀಸಿನವರ ಹತ್ರಾನೇ ಪಿಸ್ತೂಲ್ ಇರಲ್ವಂತೆ!" ಸೋಮವಾರಪೇಟೆಗೆ ಫೋನ್ ಮಾಡಿದಾಗೆಲ್ಲ ಯಾರಾದ್ರೂ ಒಬ್ರು ಹೀಗೆ ಕೇಳೇ ಕೇಳ್ತಾರೆ. ಮಾತು ಮುಕ್ಕಾಲು ನಿಜ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು ಮತ್ತು ಅವರ ಟೀಚರ್ ಹತ್ಯೆಯಾದ ಮೇಲೆ, 1997ರಲ್ಲಿ ಇಲ್ಲಿ ಪಿಸ್ತೂಲುಗಳನ್ನ ಹೆಚ್ಚುಕಮ್ಮಿ ಪೂರ್ತಿ ನಿಷೇಧಿಸಿದರು. ಆದರೆ ಗುರಿ ಸ್ಪರ್ಧೆಗೆ ರೈಫಲ್ ಇಟ್ಕೊಳ್ಳೋಕೆ ದಾರಿ ಇದೆ. ಸರ್ಕಾರ ಒಪ್ಪಿದ ಕ್ಲಬ್ಬಿಗೆ ಸೇರಬೇಕು, ಕನಿಷ್ಠ ಮೂರು ತಿಂಗಳು ಉಮೇದುವಾರಿಕೆ ಮಾಡಬೇಕು, ಪೊಲೀಸರು ಮನೆಗೆ ಬಂದು ಕಬ್ಬಿಣದ ಬೀರು ಗೋಡೆಗೆ ಗಟ್ಟಿಯಾಗಿ ಕೂತಿದೆಯಾ ಅಂತ ನೋಡಿ ಹೋಗಬೇಕು. ಆಮೇಲೆ ಕೈಗೆ ಬರೋ ಸರ್ಟಿಫಿಕೇಟಿನಲ್ಲಿ ಎಷ್ಟು ತೋಟಾ ಇಟ್ಕೋಬಹುದು ಅನ್ನೋ ಲೆಕ್ಕವೂ ಇರುತ್ತೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯ್ತಿ ಇರೋ ಕೊಡಗಿನಿಂದ ಬಂದ ನನಗೆ ಇದು ಬೇರೆಯೇ ಲೋಕ.

ಈ ಸಲ ಬರೀತಿರೋದು ಕೋವಿ ಬಗ್ಗೆ ಅಲ್ಲ, ಅದರ ಹೊಟ್ಟೆಗೆ ಹೋಗೋ ಮದ್ದಿನ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕು ಅಂದ್ರೆ, ಆ ಮದ್ದಿನ ಅಳತೆ ಬಗ್ಗೆ.

ತೋಟಾ ಅಂದ್ರೆ ನಾಲ್ಕೇ ಸಾಮಾನು. ಹಿತ್ತಾಳೆ ಕೇಸು, ಅದರ ತಳದಲ್ಲಿ ಕಿಡಿ ಕೊಡೋ ಪ್ರೈಮರ್ (ನಮ್ಮೂರ ಕೇಪಿನ ಕೋವಿಯ ಕೇಪಿನ ಮೊಮ್ಮಗ ಅನ್ನಿ), ಒಳಗೆ ಮದ್ದು, ಬಾಯಿಗೆ ಗುಂಡು. ಹೊಡೆದ ಮೇಲೆ ಹಿತ್ತಾಳೆ ಕೇಸು ಹಾಗೇ ಉಳಿಯುತ್ತೆ. ಅದನ್ನ ತೊಳೆದು, ಅಳತೆಗೆ ತಂದು, ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸಿ ಮನೆಯಲ್ಲೇ ಮತ್ತೆ ತೋಟಾ ಮಾಡೋದಕ್ಕೆ ಇಲ್ಲಿ ರೀಲೋಡಿಂಗ್ ಅಂತಾರೆ. ಹೌನ್ಸ್ಲೋದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಕ್ಲಬ್ಬಿನ ಹಿರಿಯರೊಬ್ಬರಿದ್ದಾರೆ, ಎಪ್ಪತ್ತು ದಾಟಿದ ನಿವೃತ್ತ ಮೆಕ್ಯಾನಿಕ್. ನಾನು ಮನಸ್ಸಲ್ಲೇ ಅವರನ್ನ 'ಅಜ್ಜ' ಅಂತ ಕರೆಯೋದು. ಅವರ ಹಿತ್ತಲ ಶೆಡ್ಡಿನಲ್ಲೇ ನಾನು ಈ ಕೆಲಸ ಕಲಿತದ್ದು.

ಕಾಸು ಉಳಿಯುತ್ತೆ ಅನ್ನೋದು ಒಂದು ಕಾರಣ. ಆದರೆ ಅಸಲಿ ಕಾರಣ, ಪ್ರತಿ ತೋಟಾನೂ ಹಿಂದಿನದರ ಹಾಗೇ ಇರಬೇಕು ಅನ್ನೋದು. ಹೆಚ್ಚು ಜೋರಾಗಿ ಅಲ್ಲ, ಒಂದೇ ಸಮನಾಗಿ. ಇದು ಇಲ್ಲಿಯವರಿಗೆ ಹಳೇ ಹುಚ್ಚು. 1860ರಲ್ಲಿ ವಿಂಬಲ್ಡನ್ ಕಾಮನ್‌ನಲ್ಲಿ (ಹೌದು, ಟೆನ್ನಿಸ್‌ನ ಅದೇ ವಿಂಬಲ್ಡನ್) ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ಮೊದಲ ಕೂಟ ನಡೆದಾಗ ಮೊದಲ ಗುಂಡು ಹೊಡೆದವರು ವಿಕ್ಟೋರಿಯಾ ರಾಣಿ. ಯಂತ್ರದ ಪೀಠಕ್ಕೆ ಬಿಗಿದಿದ್ದ ವಿಟ್‌ವರ್ತ್ ರೈಫಲ್, ಹಗ್ಗ ಎಳೆದದ್ದಷ್ಟೇ ರಾಣಿ! 400 ಗಜ ದೂರದ ಹಲಗೆಯ ನಟ್ಟನಡುವಿನ ಹತ್ತಿರಕ್ಕೇ ಗುಂಡು ಹೋಗಿ ಬಿತ್ತು. ಮನುಷ್ಯನ ಕೈನಡುಕ ತೆಗೆದುಬಿಟ್ಟರೆ ಉಳಿಯೋದು ಕೋವಿ ಮತ್ತು ಮದ್ದಿನ ಸಮತೆ ಮಾತ್ರ. 1890ರಲ್ಲಿ ಆ ಕೂಟ ಸರ್ರೆಯ ಬಿಸ್ಲಿಗೆ ಹೋಯಿತು. ನಾವೂ ಈಗ ಅಲ್ಲಿಗೇ ಹೋಗೋದು.

ಮದ್ದು ಸ್ವಲ್ಪ ಆಚೀಚೆ ಆದ್ರೆ ಏನಾಗುತ್ತೆ? ಇದಕ್ಕೆ ಮೊದಲು ಲೆಕ್ಕ ಹಾಕಿದವರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಬೆಂಜಮಿನ್ ರಾಬಿನ್ಸ್ ಅನ್ನೋರು ಒಂದು ಮರದ ದಿಮ್ಮಿಯನ್ನ ಉಯ್ಯಾಲೆ ಥರ ತೂಗುಹಾಕಿ, ಅದಕ್ಕೆ ಗುಂಡು ಹೊಡೆದು, ಅದು ಎಷ್ಟು ತೂಗಿತು ಅನ್ನೋದರಿಂದ ಗುಂಡಿನ ವೇಗ ಕಂಡುಹಿಡಿದರು. ಅವರ ಪುಸ್ತಕ ಬಂದದ್ದು 1742ರಲ್ಲಿ. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಇಂಜಿನಿಯರ್ ಆಗಿ ಬಂದು, 1751ರಲ್ಲಿ ನಮ್ಮ ಪಕ್ಕದ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲೇ ತೀರಿಕೊಂಡರು. ಅದೇ ಉಯ್ಯಾಲೆಯನ್ನ ಲಂಡನ್ನಿನ ವುಲಿಚ್‌ನಲ್ಲಿ (ಬರೆಯೋದು ವುಲ್‌ವಿಚ್, ಓದೋದು ವುಲಿಚ್!) ಫಿರಂಗಿಗಳಿಗೆ ಬಳಸಿದವರು ಅಲ್ಲಿನ ಮಿಲಿಟರಿ ಅಕಾಡೆಮಿಯ ಗಣಿತದ ಮೇಷ್ಟ್ರು ಚಾರ್ಲ್ಸ್ ಹಟನ್. ಆ ಕೆಲಸಕ್ಕೆ 1778ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಸಿಕ್ಕಿತು. ಅವರು ಕಂಡದ್ದು ಇಷ್ಟು: ಗುಂಡು ಅದೇ ಆಗಿದ್ದರೆ, ವೇಗ ಸುಮಾರಾಗಿ ಮದ್ದಿನ ತೂಕದ ವರ್ಗಮೂಲದ ಹಾಗೆ ಏರುತ್ತೆ.

ಈಗ ಲೆಕ್ಕ ನೋಡಿ. ಮದ್ದು ಶೇಕಡಾ 1 ಕಡಿಮೆಯಾದರೆ ವೇಗ ಸುಮಾರು ಅರ್ಧ ಪರ್ಸೆಂಟ್ ಕಡಿಮೆ. ವೇಗ ಕಡಿಮೆಯಾದರೆ ಗುಂಡು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೆ, ಕುಸಿತ ಹೊತ್ತಿನ ವರ್ಗದಂತೆ ಏರುತ್ತೆ, ಅಂದ್ರೆ ಮತ್ತೆ ಶೇಕಡಾ 1. ನಮ್ಮ ರೈಫಲ್ಲಿನ ಗುಂಡು 1000 ಗಜ ಹೋಗೋಷ್ಟರಲ್ಲಿ 30 ಅಡಿಗೂ ಹೆಚ್ಚು ಕುಸಿಯುತ್ತೆ. ಅದರ ಶೇಕಡಾ 1 ಅಂದ್ರೆ ಮೂರೂವರೆ ಇಂಚಿಗೂ ಮೇಲೆ. ಹಟನ್ ಲೆಕ್ಕ ಹಳೇ ಕರಿಮದ್ದಿನದ್ದು. ಇವತ್ತಿನ ಹೊಗೆರಹಿತ ಮದ್ದಿನಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ನೀವು ಎಷ್ಟೇ ಉಸಿರು ಬಿಗಿಹಿಡಿದು ಗುರಿ ಇಟ್ಟರೂ ಆ ಇಂಚುಗಳನ್ನ ಶೆಡ್ಡಿನಲ್ಲೇ ಕಳಕೊಂಡು ಬಂದಿರ್ತೀರಿ.

ಈ ವುಲಿಚ್ ಅಂದ ತಕ್ಷಣ ನಮಗೆ ಶ್ರೀರಂಗಪಟ್ಟಣ ನೆನಪಾಗಬೇಕು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಬಂದು ಸೇರಿದ್ದು ಇಲ್ಲಿಗೇ. ವಿಲಿಯಂ ಕಾಂಗ್ರೀವ್ ಅದನ್ನ ನೋಡಿ ತನ್ನ ರಾಕೆಟ್ ಬೆಳೆಸಿದ್ದೂ ಇಲ್ಲೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಅಂಥ ರಾಕೆಟ್ಟುಗಳು ಸಿಕ್ಕವು. ಕೊಳವೆಯಲ್ಲಿ ಮದ್ದು ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ ಇದ್ದರೆ ರಾಕೆಟ್ ಎತ್ತ ಹೋಗುತ್ತೋ ಹೇಳೋಕಾಗಲ್ಲ. ಸಾವಿರ ಕೊಳವೆಗೆ ಒಂದೇ ಸಮ ಮದ್ದು ತುಂಬಿದವನ ಕೈಗೆ ಎಷ್ಟು ಅಭ್ಯಾಸ ಇದ್ದಿರಬೇಕು, ಯೋಚಿಸಿ...

ಇರಲಿ, ಶೆಡ್ಡಿಗೆ ಬರೋಣ. ಮದ್ದನ್ನ ತೂಗೋದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್, ಅಂದ್ರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಹೆಸರೇ ಹೇಳೋ ಹಾಗೆ ಹಿಂದೆ ಇದು ಬಾರ್ಲಿ ಕಾಳಿನ ತೂಕ. ನಮ್ಮ ಅಕ್ಕಸಾಲಿಗರ ಗುಲಗಂಜಿ ನೆನಪಿದೆಯಲ್ಲ? 96 ಗುಂಜಿಗೆ ಒಂದು ತೊಲ, ತೊಲ ಅಂದ್ರೆ 180 ಗ್ರೇನ್. ಹಾಗಾಗಿ ಒಂದು ಗ್ರೇನ್ ಅರ್ಧ ಗುಂಜಿಗಿಂತ ಒಂಚೂರು ಜಾಸ್ತಿ. ಲೆಕ್ಕಕ್ಕೆ ಅಂತ ಒಂದು ತೋಟಾಕ್ಕೆ 40 ಗ್ರೇನ್ ಇಟ್ಕೊಳ್ಳಿ (ಇದು ಯಾವ ಕೋವಿಯ ಅಳತೆಯೂ ಅಲ್ಲ, ನಿಮ್ಮ ಅಳತೆಗೆ ಮದ್ದಿನ ಕಂಪನಿ ಪ್ರಕಟಿಸಿದ ಕೋಷ್ಟಕ ಮಾತ್ರ). ಅದರ ಶೇಕಡಾ 1 ಅಂದ್ರೆ 26 ಮಿಲಿಗ್ರಾಂ, ಒಂದೆರಡು ಅಕ್ಕಿ ಕಾಳಿನ ತೂಕ!

ತುಂಬೋಕೆ ಒಂದು ಯಂತ್ರ ಇದೆ. ಮೇಲೆ ಮದ್ದಿನ ಡಬ್ಬಿ, ಕೆಳಗೆ ತಿರುಗೋ ಉರುಳೆಯಲ್ಲಿ ಒಂದು ಗುಳಿ. ಹಿಡಿಕೆ ಎತ್ತಿದರೆ ಗುಳಿ ತುಂಬುತ್ತೆ, ಇಳಿಸಿದರೆ ಸುರಿಯುತ್ತೆ. ಆದರೆ ಇದು ಅಳೆಯೋದು ಜಾಗವನ್ನ, ತೂಕವನ್ನಲ್ಲ. ಸೇರಿನಲ್ಲಿ ಅಕ್ಕಿ ಅಳೆದ ಹಾಗೆ: ಕುಟ್ಟಿ ತುಂಬಿದರೆ ಒಂದು ತೂಕ, ಸುಮ್ಮನೆ ತುಂಬಿದರೆ ಇನ್ನೊಂದು. ಸಣ್ಣ ಗೋಲಿಯಂಥ ಮದ್ದು ನೀರಿನ ಹಾಗೆ ಹರಿಯುತ್ತೆ. ಕಡ್ಡಿ ಚೂರಿನಂಥ ಮದ್ದು ಅಡ್ಡಡ್ಡ ಸಿಕ್ಕಿಕೊಂಡು ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ. ಅದಕ್ಕೇ ಅಜ್ಜನ ನಿಯಮಗಳು: ಡಬ್ಬಿ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಹಿಡಿಕೆ ಪ್ರತಿ ಸಲ ಒಂದೇ ವೇಗದಲ್ಲಿ, ಒಂದೇ ಸದ್ದಿನಲ್ಲಿ ಏರಿಳಿಯಬೇಕು. ಮೊದಲ ಹತ್ತು ಅಳತೆ ವಾಪಸ್ ಡಬ್ಬಿಗೆ. ಪಂದ್ಯದ ತೋಟಾ ಆದ್ರೆ ಬೇಕಂತಲೇ ಸ್ವಲ್ಪ ಕಡಿಮೆ ಸುರಿದು, ತಕ್ಕಡಿ ಮೇಲಿಟ್ಟು, ಒಂದೊಂದೇ ಕಾಳು ಉದುರಿಸೋ ಪುಟ್ಟ ಕೊಳವೆಯಿಂದ ತೂಕ ಮುಟ್ಟಿಸೋದು.

ಎಲೆಕ್ಟ್ರಾನಿಕ್ ತಕ್ಕಡಿಗೂ ಅದರದೇ ಮುನಿಸು. ಆನ್ ಮಾಡಿದ ಕೂಡಲೇ ತೂಗಬಾರದು, ಅರ್ಧ ಗಂಟೆ ಬೆಚ್ಚಗಾಗಲಿ. ಕಿಟಕಿ ಗಾಳಿ ಬಂದರೆ ಅಂಕಿ ಕುಣಿಯುತ್ತೆ. ಪಕ್ಕದಲ್ಲಿ ಮೊಬೈಲ್ ಇಡಬೇಡಿ. ತೂಕ ಗೊತ್ತಿರೋ ಬಟ್ಟು ಒಂದನ್ನ ಪಕ್ಕದಲ್ಲಿಟ್ಟುಕೊಂಡು ಹತ್ತು ತೋಟಾಕ್ಕೊಮ್ಮೆ ಇಟ್ಟು ನೋಡಿ. ಸಾಫ್ಟ್‌ವೇರಿನವರಿಗೆ ಹೇಳೋದಾದ್ರೆ, ಪ್ರತಿ ಬಿಲ್ಡ್ ಜೊತೆ ಒಂದು ಟೆಸ್ಟ್ ಓಡಿಸಿದ ಹಾಗೆ :-)

ಹಾಗಂತ ದುಬಾರಿ ತಕ್ಕಡಿ ಕೊಂಡರೆ ಎಲ್ಲಾ ಸರಿಹೋಗುತ್ತಾ? ಇಲ್ಲ. ವೇಗ ಏರುಪೇರಾಗೋಕೆ ಮದ್ದಿನ ತೂಕ ಒಂದು ಕಾರಣ. ಪ್ರೈಮರ್, ಕೇಸಿನ ಒಳಜಾಗ, ಗುಂಡನ್ನ ಕೇಸಿನ ಕತ್ತು ಎಷ್ಟು ಬಿಗಿಯಾಗಿ ಹಿಡಿದಿದೆ ಅನ್ನೋದು, ಇವೂ ಇವೆ. ಬೇರೆ ಬೇರೆ ಕಾರಣಗಳ ಏರುಪೇರು ನೇರವಾಗಿ ಕೂಡಲ್ಲ, ವರ್ಗವಾಗಿ ಕೂಡುತ್ತೆ. ಮದ್ದಿನಿಂದ 3, ಉಳಿದದ್ದರಿಂದ 4 ಅಂದ್ರೆ ಒಟ್ಟು 7 ಅಲ್ಲ, 5. ಮದ್ದಿನದ್ದನ್ನ 1ಕ್ಕೆ ಇಳಿಸಿದರೆ ಒಟ್ಟು ಸುಮಾರು 4.1. ಅದನ್ನ ಸೊನ್ನೆ ಮಾಡಿದರೂ 4ರ ಕೆಳಗೆ ಇಳಿಯಲ್ಲ. ಅಂದ್ರೆ ಒಂದು ಹಂತದ ನಂತರ ಮದ್ದಿನ ಕಾಳು ಎಣಿಸೋದು ಬರೀ ಸಮಾಧಾನಕ್ಕೆ.

ಗುರಿ ತಪ್ಪಿದರೆ ಒಂದು ಪದಕ ಹೋಗುತ್ತೆ. ಇನ್ನೊಂದು ತಪ್ಪಿದೆ, ಅದರಲ್ಲಿ ಹೋಗೋದು ಬೆರಳು, ಕಣ್ಣು. ಮದ್ದು ಮುಚ್ಚಿದ ಜಾಗದಲ್ಲಿ ಉರಿದಷ್ಟೂ ಒತ್ತಡ ಏರುತ್ತೆ, ಒತ್ತಡ ಏರಿದಷ್ಟೂ ಮದ್ದು ಬೇಗ ಉರಿಯುತ್ತೆ. ಹೀಗಾಗಿ ಮದ್ದು ಸ್ವಲ್ಪ ಜಾಸ್ತಿಯಾದರೆ ವೇಗ ಸ್ವಲ್ಪ ಏರುತ್ತೆ, ಆದರೆ ಒತ್ತಡ ಅದಕ್ಕಿಂತ ಎಷ್ಟೋ ಹೆಚ್ಚು ಏರುತ್ತೆ. ಕಡಿಮೆ ಆದರೂ ಕಷ್ಟವೇ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು, ಮುಂದಿನ ಗುಂಡಿಗೆ ನಳಿಗೆಯೇ ಸೀಳಬಹುದು. ನಮ್ಮ ದೊಡ್ಡಪ್ಪನ ಹತ್ತಿರ ಕೇಪಿನ ಕೋವಿ ಇತ್ತು. ಮದ್ದಿಗೆ ಅಂತ ಒಂದು ಬಿದಿರಿನ ಅಳತೆ, ಅದರ ಬಾಯಿ ಬೆರಳಲ್ಲಿ ಸವರಿ ಸಮ ಮಾಡದೆ ಸುರಿದವರಲ್ಲ. ಪಕ್ಕದ ತೋಟದವರೊಬ್ಬರು ಕಾಡುಹಂದಿ ಕಾಟ ಜಾಸ್ತಿ ಅಂತ 'ಇನ್ನೊಂದು ಚಿಟಿಕೆ' ಹಾಕಿ ಎರಡು ಬೆರಳು ಕಳಕೊಂಡಿದ್ದರು. ಅವರ ವಿಷಯ ಬಂದಾಗೆಲ್ಲ ದೊಡ್ಡಪ್ಪ ಹೇಳ್ತಿದ್ದದ್ದು ಒಂದೇ: "ಮದ್ದು ಅಂದ್ರೆ ಉಪ್ಪಲ್ಲ ಕಣೋ, ರುಚಿಗೆ ತಕ್ಕಷ್ಟು ಹಾಕೋಕೆ."

ಮದ್ದಿನ ಸಿಟ್ಟು ಹೌನ್ಸ್ಲೋದವರಿಗೂ ಹೊಸದಲ್ಲ. ಇಲ್ಲಿನ ಕ್ರೇನ್ ಪಾರ್ಕಿನಲ್ಲಿ ಈಗ ಹಕ್ಕಿ ನೋಡೋಕೆ ಹೋಗ್ತಾರೆ, ಮಧ್ಯೆ ಒಂದು ಹಳೇ ಗೋಪುರ ನಿಂತಿದೆ. 1927ರವರೆಗೂ ಅದು ಮದ್ದಿನ ಗಿರಣಿಗಳ ಜಾಗ. 1772ರಲ್ಲಿ ಇಲ್ಲಿನ ಗಿರಣಿ ಸಿಡಿದಾಗ ಟ್ವಿಕೆನಮ್‌ನ ಸ್ಟ್ರಾಬೆರಿ ಹಿಲ್‌ನಲ್ಲಿದ್ದ ಹೊರೇಸ್ ವಾಲ್ಪೋಲ್ ಮನೆಯ ಬಣ್ಣದ ಗಾಜಿನ ಕಿಟಕಿಗಳು ಪುಡಿಯಾದವು.

ಹಾಗಾಗಿ ಅಜ್ಜನ ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ ಮದ್ದು. ಎರಡನೇದು ಬೀರುವಿನಲ್ಲೇ. ಕೇಸುಗಳೆಲ್ಲ ಅಳಗುಳಿ ಮಣೆಯಂಥ ಹಲಗೆಯಲ್ಲಿ ಸಾಲಾಗಿ ನಿಂತಿರುತ್ತವೆ. ಗುಂಡು ಕೂರಿಸೋ ಮೊದಲು ಟಾರ್ಚ್ ಹಾಕಿ 50ಕ್ಕೆ 50ನ್ನೂ ನೋಡಬೇಕು. ಯಾವುದರಲ್ಲಾದರೂ ಮದ್ದಿನ ಮಟ್ಟ ಮೇಲೆ ಕೆಳಗೆ ಅನ್ನಿಸಿದರೆ ಸುರಿದು ಮತ್ತೆ ತೂಗಬೇಕು. ರೇಡಿಯೋ ಇಲ್ಲ, ಹರಟೆ ಇಲ್ಲ, ಬಿಯರ್ ಅಂತೂ ಇಲ್ಲವೇ ಇಲ್ಲ. ಯಾರಾದ್ರೂ ಬಾಗಿಲು ತಟ್ಟಿದರೆ ಕೈಲಿದ್ದ ಕೇಸು ಖಾಲಿ ಮಾಡಿಯೇ ಏಳೋದು.

ಈ ಚಳಿಗಾಲದಲ್ಲಿ ಅಜ್ಜನ ಕಣ್ಣಿಗೆ ಪೊರೆ ಬಂತು. ಆಪರೇಷನ್‌ಗೆ ಸರದಿ ಕಾಯ್ತಿದ್ದಾರೆ. ಒಂದು ಶನಿವಾರ ಟಾರ್ಚ್ ನನ್ನ ಕೈಗೆ ಕೊಟ್ಟು, "ನನಗೆ ಕಾಣುತ್ತೆ, ಆದರೆ ಕಂಡದ್ದನ್ನ ನಂಬೋಕೆ ಆಗ್ತಿಲ್ಲ. ಇನ್ಮೇಲೆ ನೀನು ನೋಡದೆ ಒಂದು ತೋಟಾನೂ ಮುಚ್ಚಲ್ಲ" ಅಂದರು. ನಲವತ್ತು ವರ್ಷದಿಂದ ಒಬ್ಬರೇ ಮಾಡಿದ ಕೆಲಸ. ಅವರ ಕೈಲಿ ಹೊಸ ತಕ್ಕಡಿ ಕೊಳ್ಳೋಕಾಗಲ್ಲ ಅಂತಲ್ಲ, ತಕ್ಕಡಿಯ ಅಂಕಿ ಓದೋ ಕಣ್ಣೂ ಅಳತೆಯ ಒಂದು ಭಾಗ ಅನ್ನೋದು ಅವರಿಗೆ ಗೊತ್ತು. ನನ್ನ ಆಫೀಸಿನಲ್ಲಿ ನನ್ನ ಕೋಡ್ ಇನ್ನೊಬ್ಬರು ನೋಡದೆ ಮುಂದೆ ಹೋಗಲ್ಲ. ಅಲ್ಲಿ ತಪ್ಪಾದರೆ ಸರ್ವರ್ ಬೀಳುತ್ತೆ, ಮತ್ತೆ ಏಳಿಸಬಹುದು.

ಈಗ ಶನಿವಾರಗಳಲ್ಲಿ ಅಜ್ಜ ಹಿಡಿಕೆ ಎಳೀತಾರೆ, ನಾನು ಅಂಕಿ ಜೋರಾಗಿ ಓದ್ತೀನಿ, ಅವರು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರ್ಕೋತಾರೆ. 50 ತೋಟಾಕ್ಕೆ ಎರಡು ಗಂಟೆ ಹಿಡಿಯುತ್ತೆ. ಹಿಡೀಲಿ ಬಿಡಿ.

ಸರಿ, ಮುಂದಿನ ವಾರ ಸಿಗೋಣ.