‘ಬೆಂಗಳೂರಲ್ಲಿ ಆಕಾಶ ಎಲ್ಲಿದೆ ಗುರೂ’ ಅನ್ನೋರಿಗೆ

ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರಾದರೂ ನನ್ನ ಟೆಲಿಸ್ಕೋಪಿನ ಸುದ್ದಿ ತೆಗೆದರೆ ಮುಂದಿನ ಮಾತು ಏನು ಅಂತ ನನಗೆ ಬಾಯಿಪಾಠ. ‘ಬೆಂಗಳೂರಲ್ಲಿ ಆಕಾಶ ಎಲ್ಲಿದೆ ಗುರೂ? ಬರೀ ಧೂಳು, ಲೈಟು. ನಕ್ಷತ್ರ ನೋಡ್ಬೇಕು ಅಂದ್ರೆ ಸಕಲೇಶಪುರದ ಕಡೆ ಹೋಗ್ಬೇಕು.’ ಹೋಗುತ್ತಾರೆ ಕೂಡ. ಲಾಂಗ್ ವೀಕೆಂಡು, ಮೂರು ಕಾರು, ಒಂದು ಗುಡ್ಡ, ಟೆಂಟು. ಕ್ಷೀರಪಥದ ಒಂದು ಫೋಟೋ, ಅದಕ್ಕೆ ಮುನ್ನೂರು ಲೈಕು. ಅದಾದ ಮೇಲೆ ಆರು ತಿಂಗಳು ಯಾರೂ ತಲೆ ಎತ್ತೋದಿಲ್ಲ.

ಮೊದಲೆಲ್ಲ ನಾನೂ ಹೌದೌದು ಅಂತ ತಲೆಯಾಡಿಸುತ್ತಿದ್ದೆ. ಈಗ ಜಗಳಕ್ಕೇ ನಿಲ್ಲುತ್ತೇನೆ. ಯಾಕಂದರೆ ಈ ಊರಿನ ಯಾವ ಬೀದಿದೀಪವೂ ಮಂಕು ಮಾಡಲಾಗದ ನಕ್ಷತ್ರ ಒಂದಿದೆ. ಬಸವೇಶ್ವರನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಟೆರೇಸಿಗೆ ಅದು ದಿನಾ ಬೆಳಿಗ್ಗೆ ಬರುತ್ತೆ. ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಪಕ್ಕದ ಮನೆಯ ಸೋಲಾರ್ ಹೀಟರು ಎಲ್ಲದರ ಮೇಲೂ ಬೀಳುತ್ತೆ. ಅದನ್ನು ನೋಡೋದಕ್ಕೆ ಪೆಟ್ರೋಲ್ ಹಾಕಿಸಬೇಕಿಲ್ಲ, ರಜೆ ಹಾಕಬೇಕಿಲ್ಲ. ಆದರೂ ನಾವು ನೋಡಲ್ಲ.

ಒಂದು ಉದಾಹರಣೆ ಕೊಡ್ತೀನಿ. 2024ರ ಮೇ 10, ಶುಕ್ರವಾರ, ಅಕ್ಷಯ ತೃತೀಯ. ರಾಜಾಜಿನಗರದ ಒಡವೆ ಅಂಗಡಿಗಳ ಮುಂದೆ ಕ್ಯೂ. ಅದೇ ಬೆಳಿಗ್ಗೆ ಸೂರ್ಯನ ಮೇಲೆ ಈ ದಶಕದ ಅತಿ ದೊಡ್ಡ ಕಲೆಗಳ ಗುಂಪುಗಳಲ್ಲೊಂದು ಕೂತಿತ್ತು. ವಿಜ್ಞಾನಿಗಳ ಲೆಕ್ಕದಲ್ಲಿ ಅದರ ಹೆಸರು ಎಆರ್ 3664. ಭೂಮಿಯಂಥ ಹದಿನೈದು ಗೋಳಗಳನ್ನು ಸಾಲಾಗಿ ಜೋಡಿಸುವಷ್ಟು ಉದ್ದ. ಟೆಲಿಸ್ಕೋಪೂ ಬೇಕಿರಲಿಲ್ಲ, ಸರಿಯಾದ ಗ್ರಹಣದ ಕನ್ನಡಕ ಹಾಕಿಕೊಂಡರೆ ಸಾಕು, ಕಾಣುತ್ತಿತ್ತು. ಸಂಡಿಗೆ ಒಣಹಾಕಲು ಮೇಲೆ ಬಂದ ಓನರ್ ಆಂಟಿಗೆ ಫಿಲ್ಟರ್ ಹಾಕಿದ ಟೆಲಿಸ್ಕೋಪಿನಲ್ಲಿ ತೋರಿಸಿದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ, ‘ಅಯ್ಯೋ, ಸೂರ್ಯನಾರಾಯಣನಿಗೂ ಮಚ್ಚೆ ಇದ್ಯಾ!’ ಅಂದರು. ಸಂಡಿಗೆ ಬಿಟ್ಟು ಕೆಳಗೆ ಹೋಗಿ ಅಂಕಲ್‌ನ ಕರಕೊಂಡು ಬಂದರು.

ಅವತ್ತು ರಾತ್ರಿ ಶುರುವಾದ ಭೂಕಾಂತೀಯ ಬಿರುಗಾಳಿ 2003ರ ನಂತರದ ಅತಿ ತೀವ್ರ ದರ್ಜೆಯದ್ದು. ಮೇ 11ರ ನಸುಕಿನಲ್ಲಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದನ್ನು ಕ್ಯಾಮೆರಾಗಳು ಹಿಡಿದವು. ಆಗ ಎಲ್ಲರ ವಾಟ್ಸಾಪ್ ಸ್ಟೇಟಸ್ಸಿನಲ್ಲೂ ಕೆಂಪು ಆಕಾಶ. ‘ಛೆ, ಲಡಾಖಿಗೆ ಹೋಗ್ಬೇಕಿತ್ತು ಮಗಾ’ ಅಂದ ನನ್ನ ಟೀಮಿನ ಹುಡುಗ. ಆ ಕೆಂಪಿಗೆ ಕಾರಣವಾದ ಕಲೆ ವಾರದಿಂದ ಅವನ ವಿಜಯನಗರದ ಬಾಲ್ಕನಿಯ ಎದುರಿಗೇ ಇತ್ತಲ್ಲ! ಸಿಟ್ಟು ಬರದೆ ಇರುತ್ತಾ?

ಏನಿದು ಕಲೆ? ಸೂರ್ಯನ ಒಳಗಿನ ಕಾಂತಕ್ಷೇತ್ರ ಕೆಲವು ಕಡೆ ದಟ್ಟವಾಗಿ ಗಂಟುಕಟ್ಟಿಕೊಂಡು ಮೇಲೆ ಬರುತ್ತೆ. ಅಲ್ಲಿ ಕೆಳಗಿನ ಬಿಸಿ ಅನಿಲ ಕುದಿದು ಮೇಲೆ ಬರೋದಕ್ಕೆ ತಡೆಯಾಗುತ್ತೆ. ಸುತ್ತಲಿನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ ಕಲೆಯ ನಡುಭಾಗ ಅದಕ್ಕಿಂತ ಸಾವಿರಾರು ಡಿಗ್ರಿ ತಣ್ಣಗಿರುತ್ತೆ. ತಣ್ಣಗೆ ಅಂದರೆ ಕಬ್ಬಿಣ ಕರಗಿ ನೀರಾಗುವುದಕ್ಕಿಂತ ಎಷ್ಟೋ ಬಿಸಿಯೇ. ಪಕ್ಕದ ಬೆಳಕಿನ ಎದುರು ಕಪ್ಪಗೆ ಕಾಣುತ್ತೆ, ಅಷ್ಟೆ.

ಈಗ ಬೈಗುಳ ಸ್ವಲ್ಪ ನನ್ನ ಕಡೆಗೂ ತಿರುಗಲಿ.

2019ರ ಡಿಸೆಂಬರ್ 26. ಕಂಕಣ ಗ್ರಹಣ. ಕಾಸರಗೋಡಿನ ಚೆರುವತ್ತೂರು, ಮಂಗಳೂರು, ಕೊಡಗಿನ ಕುಟ್ಟದಲ್ಲಿ ಸೂರ್ಯ ಬೆಂಕಿಯ ಬಳೆಯಾಗಿ ಕಂಡ ದಿನ. ಬೆಂಗಳೂರಲ್ಲೇ ಹತ್ತಿರ ಹತ್ತಿರ 90 ಭಾಗ ಮುಚ್ಚಿತ್ತು. ಅದೇ ದಿನ ಕಲಬುರಗಿ ಬಳಿಯ ತಾಜ್ ಸುಲ್ತಾನಪುರದಲ್ಲಿ ಅಂಗವೈಕಲ್ಯ ವಾಸಿಯಾಗುತ್ತೆ ಅಂತ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿಟ್ಟ ಸುದ್ದಿ ಬಂತು. ನಾವೆಲ್ಲ ಆಫೀಸಿನ ಗ್ರೂಪಿನಲ್ಲಿ ‘ಎಂಥಾ ಜನ’ ಅಂತ ಉಗಿದೆವು. ನಾನೂ ಉಗಿದೆ.

ಅವತ್ತು ಬೆಳಿಗ್ಗೆ ನಾನು ಏನು ಮಾಡಿದ್ದೆ ಅಂತ ಗ್ರೂಪಿನಲ್ಲಿ ಹೇಳಲಿಲ್ಲ. ನನ್ನ ಹೆಂಡತಿ ಆರು ತಿಂಗಳ ಗರ್ಭಿಣಿ. ಹಿಂದಿನ ರಾತ್ರಿ ತಿಪಟೂರು ಕಡೆಯ ನಮ್ಮ ಹಳ್ಳಿಯಿಂದ ಅಮ್ಮ ಫೋನ್ ಮಾಡಿ, ‘ಕಣಪ್ಪಾ, ಅವಳನ್ನ ಹೊರಗೆ ಬಿಡಬೇಡ, ಕತ್ತರಿ ಸೂಜಿ ಮುಟ್ಟಕ್ಕೆ ಬಿಡಬೇಡ’ ಅಂದಿದ್ದರು. ಬಿ.ಇ. ಓದಿದ, ಫಿಸಿಕ್ಸಿನಲ್ಲಿ ನೂರಕ್ಕೆ ತೊಂಬತ್ತಾರು ತೆಗೆದ ನಾನು ಎಂಟು ಗಂಟೆಗೆ ಮುಂಚೆ ಎದ್ದು ರೂಮಿನ ಕಿಟಕಿಗಳಿಗೆಲ್ಲ ಬೆಡ್‌ಶೀಟ್ ಕಟ್ಟಿದೆ. ‘ಸುಮ್ನೆ ಯಾಕೆ ಮನೆಯವರಿಗೆ ಬೇಜಾರು ಮಾಡೋದು’ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ಕತ್ತಲೆಯಲ್ಲಿ ಕೂತು ಮೊಬೈಲಿನಲ್ಲಿ ಗ್ರಹಣದ ಲೈವ್ ನೋಡಿದೆ.

ಒಂಬತ್ತೂವರೆ ಆಸುಪಾಸು, ಎರಡು ಬೆಡ್‌ಶೀಟುಗಳ ನಡುವಿನ ಸಣ್ಣ ಸಂದಿಯಿಂದ ಬೆಳಕು ತೂರಿ ವಾರ್ಡ್‌ರೋಬಿನ ಬಾಗಿಲ ಮೇಲೆ ಬಿತ್ತು. ತೆಳ್ಳನೆಯ ಕುಡುಗೋಲಿನಂಥ ಬೆಳಕು. ಸೂರ್ಯನದೇ ಬಿಂಬ. ‘ನೋಡಿ, ಒಳಗೇ ಬಂದುಬಿಡ್ತು’ ಅಂತ ಅವಳು ನಕ್ಕಳು. ನಾನು ಎದ್ದು ಹೋಗಿ ಆ ಸಂದಿಗೂ ಕ್ಲಿಪ್ ಹಾಕಿದೆ.

ಇದು ನೆನಪಾದಾಗಲೆಲ್ಲ ನಾಚಿಕೆ ಆಗುತ್ತೆ. ನನ್ನ ಅಜ್ಜಿ ಇದಕ್ಕಿಂತ ಎಷ್ಟೋ ವಾಸಿ. 1995ರ ಅಕ್ಟೋಬರ್ 24ರ ಗ್ರಹಣದ ದಿನ ನಾನು ಏಳು ವರ್ಷದವನು. ಅಜ್ಜಿ ತಟ್ಟೆಯಲ್ಲಿ ನೀರಿಟ್ಟು ಒನಕೆ ನಿಲ್ಲಿಸಿದಳು, ನೀರಿನ ಹಂಡೆಗೆ ದರ್ಭೆ ಹಾಕಿದಳು, ಎಲ್ಲ ನಿಜ. ಆದರೆ ಅಂಗಳದಲ್ಲಿ ಸಗಣಿ ಕದಡಿದ ನೀರಿನ ಪರಾತವನ್ನೂ ಇಟ್ಟು, ಅದರಲ್ಲಿ ಬಿದ್ದ ಸೂರ್ಯನನ್ನು ತಾನೂ ನೋಡಿ ನನ್ನನ್ನೂ ಕರೆದು ತೋರಿಸಿದಳು. (ಆ ಉಪಾಯ ಕಣ್ಣಿಗೆ ಸುರಕ್ಷಿತವಲ್ಲ, ಇವತ್ತು ಮಾಡಬೇಡಿ.) ಒಳಗೆ ಬಂದರೆ ನಾಡಹೆಂಚಿನ ಸಂದಿಗಳಿಂದ ಸಗಣಿ ನೆಲದ ಮೇಲೆ ದಿನಾ ದುಂಡಗೆ ಬೀಳುತ್ತಿದ್ದ ಬಿಸಿಲ ಚುಕ್ಕೆಗಳೆಲ್ಲ ಅವತ್ತು ಕಚ್ಚಿದ ಚಕ್ಕುಲಿ ತರ ಇದ್ದವು. ಅಜ್ಜಿಗೆ ಭಯ ಇತ್ತು, ಕುತೂಹಲವೂ ಇತ್ತು. ನನ್ನ ಅಪಾರ್ಟ್‌ಮೆಂಟ್ ತಲೆಮಾರಿಗೆ ಭಯ ಮಾತ್ರ ಉಳಿದಿದೆ. ಕುತೂಹಲವನ್ನು ಗುತ್ತಿಗೆ ಕೊಟ್ಟಿದ್ದೇವೆ.

ನನ್ನ ತಕರಾರು ಇದೇ. ಹೆದರೋದು ಹೇಗೆ ಅಂತ ಟೀವಿ ಜ್ಯೋತಿಷಿ ಹೇಳಿಕೊಡುತ್ತಾರೆ, ಹೆಮ್ಮೆ ಪಡೋದಕ್ಕೆ ಇಸ್ರೋ ಇದೆ, ಚಂದದ ಫೋಟೋಗೆ ಇನ್‌ಸ್ಟಾಗ್ರಾಂ ಇದೆ. 2023ರ ಸೆಪ್ಟೆಂಬರ್ 2ಕ್ಕೆ ಆದಿತ್ಯ-ಎಲ್1 ಹಾರಿದಾಗ, ಮುಂದಿನ ಜನವರಿ 6ಕ್ಕೆ ಅದು 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿದಾಗ ಸ್ಟೇಟಸ್ ಹಾಕದವರು ಯಾರು? ಒಳ್ಳೆಯದೇ, ನಾನೂ ಹಾಕಿದೆ. ಆದರೆ ಆ ನೌಕೆ ಏನನ್ನು ನೋಡೋಕೆ ಹೋಯ್ತೋ ಅದನ್ನು ಒಂದು ಸಲ ನಾವೇ ನೋಡೋಣ ಅಂತ ಎಷ್ಟು ಜನಕ್ಕೆ ಅನಿಸಿತು?

‘ನಾಸಾ, ಇಸ್ರೋ ಇರುವಾಗ ನಿನ್ನ ಮೊಬೈಲ್ ಫೋಟೋ ಯಾರಿಗೆ ಬೇಕು?’ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ನ್ಯಾಯವಾದ ಪ್ರಶ್ನೆ. ನನ್ನ ಫೋಟೋ ಇಲ್ಲದಿದ್ದರೆ ಯಾವ ಸಂಶೋಧನೆಯೂ ನಿಲ್ಲೋದಿಲ್ಲ. ಆದರೆ ಸೂರ್ಯನ ಕಲೆಗಳ ಇತಿಹಾಸ ಓದಿದರೆ ಈ ಪ್ರಶ್ನೆ ಕೇಳೋಕೆ ಸ್ವಲ್ಪ ಮುಜುಗರ ಆದೀತು. ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುತ್ತವೆ ಅನ್ನೋ ಸಂಗತಿಯ ಜಾಡು ಹಿಡಿದವನು ಜರ್ಮನಿಯ ಡೆಸಾವು ಊರಿನ ಶ್ವಾಬೆ ಅನ್ನೋ ಔಷಧಿ ವ್ಯಾಪಾರಿ. ಅವನು ಹುಡುಕುತ್ತಿದ್ದದ್ದು ಬುಧನಿಗಿಂತ ಒಳಗಿನ ಒಂದು ಗ್ರಹವನ್ನು. ಗ್ರಹ ಸಿಗಲಿಲ್ಲ. 1826ರಿಂದ ಬಿಸಿಲು ಬಿದ್ದ ದಿನವೆಲ್ಲ ಕಲೆಗಳನ್ನು ಎಣಿಸಿ ಬರೆದಿಟ್ಟ, ಹದಿನೇಳು ವರ್ಷದ ಮೇಲೆ ಲೆಕ್ಕ ಮಾತಾಡಿತು. 1859ರ ಸೆಪ್ಟೆಂಬರ್ 1ಕ್ಕೆ ಸೌರಜ್ವಾಲೆಯನ್ನು ಮೊದಲ ಬಾರಿಗೆ ಕಂಡವರಲ್ಲೊಬ್ಬನಾದ ಕ್ಯಾರಿಂಗ್ಟನ್ ಸ್ವಂತ ದುಡ್ಡಲ್ಲಿ ವೀಕ್ಷಣಾಲಯ ಕಟ್ಟಿಕೊಂಡಿದ್ದ ಬ್ರೂವರಿ ಮಾಲೀಕನ ಮಗ. ಆ ಹೊತ್ತಲ್ಲಿ ಅವನು ಕಲೆಗಳ ಚಿತ್ರ ಬರೆಯುತ್ತಿದ್ದ.

ಇನ್ನೊಬ್ಬ ನಮಗೆ ಹತ್ತಿರದವನು. ಜಾನ್ ಎವರ್ಶೆಡ್ ಇಂಗ್ಲೆಂಡಿನಲ್ಲಿ ಕಂಪನಿ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಸೂರ್ಯನನ್ನು ನೋಡುತ್ತಿದ್ದ ಹವ್ಯಾಸಿ. 1907ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯಕ್ಕೆ ಬಂದ. 1909ರಲ್ಲಿ, ಕಲೆಯ ಸುತ್ತಲಿನ ಬೂದು ಅಂಚಿನಲ್ಲಿ ಅನಿಲ ಒಳಗಿಂದ ಹೊರಕ್ಕೆ ಹರಿಯುತ್ತೆ ಅಂತ ಕಂಡುಹಿಡಿದ. ಇವತ್ತಿಗೂ ಅದು ಎವರ್ಶೆಡ್ ಪರಿಣಾಮ. ಅದೇ ಕೊಡೈಕೆನಾಲ್ 1904ರಿಂದ ಸೂರ್ಯನ ಫೋಟೋ ತೆಗೆಯುತ್ತಾ ಬಂದಿದೆ. ಆ ವೀಕ್ಷಣಾಲಯವನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆ ಇರುವುದು ನಮ್ಮದೇ ಕೋರಮಂಗಲದಲ್ಲಿ. ನೂರು ವರ್ಷಕ್ಕೂ ಮೀರಿದ ಲಾಗ್! ಪ್ರೊಡಕ್ಷನ್ನಿನಲ್ಲಿ ಮೂರು ತಿಂಗಳ ಹಳೆಯ ಲಾಗ್ ಸಿಗದೆ ತಲೆ ಕೆರೆದುಕೊಳ್ಳುವ ನಮಗೆ ಇದರ ಬೆಲೆ ಗೊತ್ತಾಗಬೇಕಲ್ಲ ಸ್ವಾಮಿ. ಇವತ್ತಿಗೂ ಜಗತ್ತಿನ ಕಲೆಗಳ ಎಣಿಕೆಯನ್ನು ಕ್ರೋಡೀಕರಿಸುವ ಬ್ರಸೆಲ್ಸಿನ ಕೇಂದ್ರಕ್ಕೆ ಸಣ್ಣ ಟೆಲಿಸ್ಕೋಪಿನ ಹವ್ಯಾಸಿಗಳೂ ಲೆಕ್ಕ ಕಳಿಸುತ್ತಾರೆ. ಲೆಕ್ಕವೂ ಸುಲಭ: ಗುಂಪುಗಳನ್ನು ಹತ್ತರಿಂದ ಗುಣಿಸಿ, ಬಿಡಿ ಕಲೆಗಳನ್ನು ಕೂಡಿಸಿ. ಮೂರು ಗುಂಪು, ಹದಿನೇಳು ಕಲೆ ಇದ್ದರೆ ನಲವತ್ತೇಳು.

‘ಕಣ್ಣು ಹೋಗುತ್ತಲ್ಲ?’ ಹೌದು, ಅಡ್ಡಾದಿಡ್ಡಿ ಮಾಡಿದರೆ ಹೋಗುತ್ತೆ. ಕಣ್ಣಿನ ಅಕ್ಷಿಪಟಲಕ್ಕೆ ನೋವು ಗೊತ್ತಾಗಲ್ಲ, ಸುಟ್ಟ ಮೇಲೇ ತಿಳಿಯೋದು. ಅದಕ್ಕೇ ಹೇಳ್ತೀನಿ: ಬರಿಗಣ್ಣು ಬೇಡ, ಎಕ್ಸ್‌ರೇ ಫಿಲ್ಮು ಬೇಡ, ಕೂಲಿಂಗ್ ಗ್ಲಾಸು ಬೇಡ, ಮಸಿ ಹಿಡಿಸಿದ ಗಾಜು ಬೇಡ. ಗ್ರಹಣದ ಕನ್ನಡಕ ಹಾಕಿಕೊಂಡು ಟೆಲಿಸ್ಕೋಪಿಗೋ ಬೈನಾಕ್ಯುಲರಿಗೋ ಕಣ್ಣಿಡುವುದಂತೂ ಬೇಡವೇ ಬೇಡ. ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಬಿಡುವ ಸೋಲಾರ್ ಫಿಲ್ಟರ್ ಸಿಗುತ್ತೆ. ಅದನ್ನು ಟೆಲಿಸ್ಕೋಪಿನ ಮುಂಬದಿಗೆ, ಗಾಳಿಗೆ ಹಾರದ ಹಾಗೆ ಕೂರಿಸಬೇಕು. ಪ್ರತಿ ಸಲ ಅದರಲ್ಲಿ ತೂತು, ಗೀರು ಇದೆಯಾ ಅಂತ ನೋಡಿಕೊಳ್ಳಬೇಕು. ಟೆಲಿಸ್ಕೋಪಿನ ಬೆನ್ನ ಮೇಲಿನ ಪುಟ್ಟ ಫೈಂಡರನ್ನು ಬಿಚ್ಚಿಡಬೇಕು. ಸೂರ್ಯನ ಕಡೆ ಗುರಿ ಹಿಡಿಯೋಕೆ ಕೊಳವೆಯ ನೆರಳು ನೆಲದ ಮೇಲೆ ಅತಿ ಚಿಕ್ಕದಾಗುವ ಹಾಗೆ ತಿರುಗಿಸಿದರೆ ಆಯ್ತು. ಮಕ್ಕಳಿದ್ದರೆ ಪಕ್ಕದಿಂದ ಕದಲಬೇಡಿ. ಸ್ಕೂಟರ್ ಓಡಿಸುವಾಗ ಹೆಲ್ಮೆಟ್ ಹಾಕ್ತೀವಲ್ಲ, ಹಾಗೆ. ಅಪಾಯ ಇದೆ ಅಂತ ಸ್ಕೂಟರ್ ಮಾರೋದಿಲ್ಲ.

ಇನ್ನು ‘ಟೈಮ್ ಇಲ್ಲ’. ನನ್ನದು ದಿನಕ್ಕೆ ಹದಿನೈದು ನಿಮಿಷದ ಕೆಲಸ, ಸ್ಟ್ಯಾಂಡಪ್ ಮೀಟಿಂಗಿಗೆ ಮುಂಚೆ ಮುಗಿಯುತ್ತೆ. ಎಂಟು ಗಂಟೆಯೊಳಗೆ ನೋಡಿದರೆ ಒಳ್ಳೆಯದು. ಆಮೇಲೆ ಕಾಂಕ್ರೀಟು, ತಗಡಿನ ಶೀಟು ಕಾದು ಗಾಳಿ ಕುದಿಯೋಕೆ ಶುರುವಾಗುತ್ತೆ, ಸೂರ್ಯನ ಅಂಚು ನೀರೊಳಗಿನ ನಾಣ್ಯದ ಹಾಗೆ ಅಲುಗಾಡುತ್ತೆ. ಮೊಬೈಲನ್ನು ಐಪೀಸಿಗೆ ಹೋಲ್ಡರಿನಿಂದ ಬಿಗಿದು, ತಲೆ ಮೇಲೆ ಕಪ್ಪು ಟವೆಲ್ ಹೊದ್ದು, ಅಂಚು ಚೂಪಾಗುವವರೆಗೆ ಫೋಕಸ್ ಮಾಡಿ, ಒಂದು ನಿಮಿಷ ವಿಡಿಯೋ ತೆಗೆಯುತ್ತೇನೆ. ಆಮೇಲೆ ಉಚಿತ ಸಾಫ್ಟ್‌ವೇರಿನಲ್ಲಿ ಅದರ ಚೂಪಾದ ಫ್ರೇಮುಗಳನ್ನಷ್ಟೇ ಆರಿಸಿ ಒಂದರ ಮೇಲೊಂದು ಕೂರಿಸಿದರೆ ಒಂದು ಫೋಟೋ. ಜೊತೆಗೆ ಹಳೇ ಡೈರಿಯಲ್ಲಿ ಬಟ್ಟಲಿಟ್ಟು ವೃತ್ತ ಎಳೆದು, ಕಲೆ ಎಲ್ಲಿದೆಯೋ ಅಲ್ಲಿ ಪೆನ್ಸಿಲ್ ಚುಕ್ಕೆ. ಜೂನ್‌ನಿಂದ ಎಷ್ಟೋ ಪುಟಗಳಲ್ಲಿ ಬರೀ ‘ಮೋಡ’ ಅಂತಿದೆ. ಅದೂ ಲೆಕ್ಕವೇ.

ಆ ಡೈರಿಯ ಮೇ 8ರ ವೃತ್ತದಲ್ಲಿ ದೊಡ್ಡ ಕಲೆ ನಡುವಿನ ಹತ್ತಿರ ಇದೆ. ಮೇ 12ಕ್ಕೆ ಅಂಚಿನ ಕಡೆ ಸರಿದಿದೆ. ಸೂರ್ಯ ತನ್ನ ಸುತ್ತ ತಾನು ತಿರುಗುತ್ತಾನೆ ಅಂತ ಪುಸ್ತಕದಲ್ಲಿ ಓದಿ ಮಾರ್ಕ್ಸ್ ತಗೊಂಡಿದ್ದೆ. ಅದು ನನಗೆ ಗೊತ್ತಾಗಿದ್ದು ಆ ವಾರ, ನನ್ನದೇ ಪೆನ್ಸಿಲಿನಿಂದ. ಒಂದು ಫೋಟೋ ಮಾತ್ರ ತೆಗೆದು ಪೋಸ್ಟ್ ಮಾಡಿ ಬಿಟ್ಟಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಮಗಳು ಹುಟ್ಟಿದ್ದು 2020ರ ಮಾರ್ಚಿನಲ್ಲಿ. ಈಗಿನ ಸೌರಚಕ್ರ ಶುರುವಾಗಿದ್ದು 2019ರ ಡಿಸೆಂಬರ್‌ನಲ್ಲಿ, ನಾನು ಬೆಡ್‌ಶೀಟ್ ಕಟ್ಟಿದ ಅದೇ ತಿಂಗಳು. ಆ ಮೇ ತಿಂಗಳಲ್ಲಿ ಸ್ಟೂಲಿನ ಮೇಲೆ ನಿಂತು ಅವಳು ಕಲೆ ನೋಡಿ, ‘ಅಪ್ಪಾ, ಇರುವೆ ಕೂತಿದೆ’ ಅಂದಳು. ಹಿಂದೆ ನಿಂತಿದ್ದ ನನ್ನ ಹೆಂಡತಿ ತನ್ನ ಸರದಿ ಬಂದಾಗ ತುಂಬ ಹೊತ್ತು ನೋಡಿದಳು. ನಾನು ಹಳೇ ವಿಷಯ ತೆಗೆದು, ‘ಅವತ್ತು ಅಮ್ಮನಿಗೆ ಬೇಜಾರಾಗುತ್ತೆ ಅಂತ...’ ಅಂದೆ.

‘ಅವತ್ತು ನನ್ನನ್ನ ಯಾರಾದ್ರೂ ಕೇಳಿದ್ರಾ? ನಂಗೆ ನೋಡ್ಬೇಕಿತ್ತು’ ಅಂದಳು, ಐಪೀಸಿನಿಂದ ಕಣ್ಣು ತೆಗೆಯದೆ.

ಉತ್ತರ ಇರಲಿಲ್ಲ ನನ್ನ ಹತ್ತಿರ, ಇವತ್ತಿಗೂ ಇಲ್ಲ.

2031ರ ಮೇ 21ಕ್ಕೆ ಕೇರಳ, ತಮಿಳುನಾಡಿನ ಮೇಲೆ ಮತ್ತೊಂದು ಕಂಕಣ ಗ್ರಹಣ ಹಾದುಹೋಗುತ್ತೆ. ಬೆಂಗಳೂರಲ್ಲೂ ಸೂರ್ಯನ ದೊಡ್ಡ ಪಾಲು ಮುಚ್ಚುತ್ತೆ. ಮಗಳಿಗೆ ಆಗ ಹನ್ನೊಂದು, ಹೆಚ್ಚೂ ಕಮ್ಮಿ ಒಂದು ಸೌರಚಕ್ರದ ವಯಸ್ಸು. ಅವತ್ತು ಟೀವಿಗಳು ಮತ್ತೆ ಕಿರುಚುತ್ತವೆ, ಅಮ್ಮ ಮತ್ತೆ ಫೋನ್ ಮಾಡುತ್ತಾರೆ. ಅಮ್ಮನನ್ನು ಮುಂಚಿತವಾಗಿ ಊರಿಂದ ಕರಕೊಂಡು ಬಂದು ಟೆರೇಸಿನಲ್ಲಿ ಕೂರಿಸಬೇಕು ಅಂತಿದ್ದೇನೆ.

ಅಲ್ಲಿಯವರೆಗೆ ಕಾಯಬೇಡಿ. ನಾಳೆ ಬೆಳಿಗ್ಗೆ ಬಿಸಿಲಿದ್ದರೆ, ಓನರ್ ಹತ್ತಿರ ಟೆರೇಸಿನ ಬೀಗದ ಕೈ ಇಸ್ಕೊಳ್ಳಿ.