ನೆಟ್ಟಿದ್ದೆಷ್ಟು ಬೇಡ, ಉಳಿದಿದ್ದೆಷ್ಟು ಹೇಳಿ

1950ರಲ್ಲಿ ಕೆ.ಎಂ. ಮುನ್ಶಿ ವನಮಹೋತ್ಸವ ಆರಂಭಿಸಿದ ಲಾಗಾಯ್ತು, ಜುಲೈ ಬಂತೆಂದರೆ ಗುಂಡಿ ತೋಡಿ ಸಸಿ ಇಡುವುದು ನಮಗೆ ರೂಢಿ. ಮರುದಿನದ ಸುದ್ದಿಯಲ್ಲಿ ನೆಟ್ಟ ಸಸಿಗಳ ಸಂಖ್ಯೆ ಇರುತ್ತದೆ. ಹೋದ ವರ್ಷದವು ಏನಾದವು ಎಂಬುದು ಇರುವುದಿಲ್ಲ. ಸಸಿ ಸಾಯುವುದು ಮಳೆಗಾಲದಲ್ಲಲ್ಲ. ಬೇಸಿಗೆಯ ಬಿಸಿಲಲ್ಲಿ, ಮೇಕೆಯ ಬಾಯಲ್ಲಿ, ಯಾರೋ ಇಟ್ಟ ಬೆಂಕಿಯಲ್ಲಿ. ಹುಲಿಕಲ್–ಕುದೂರು ರಸ್ತೆಯ ಆಲದ ಸಾಲನ್ನು ತಿಮ್ಮಕ್ಕ ನೆಟ್ಟರು ಎಂದಷ್ಟೇ ಹೇಳಿ ಕೈಮುಗಿಯುತ್ತೇವೆ. ಅವರೂ ಪತಿ ಚಿಕ್ಕಯ್ಯನವರೂ ಮೊದಲ ವರ್ಷ ನೆಟ್ಟಿದ್ದು ಹತ್ತೇ ಹತ್ತು. ಕೊಡದಲ್ಲಿ ನೀರು ಹೊತ್ತು ಹೊಯ್ದರು, ದನ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದರು. ಸಾಕಲು ಆಗುವಷ್ಟನ್ನೇ ನೆಟ್ಟರು.

ಸೋಜಿಗವೆಂದರೆ, ಈ ವಿವೇಕ ಸರ್ಕಾರಕ್ಕೂ ಉಂಟು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ಹೊಲದಲ್ಲಿ ಗಿಡ ನೆಟ್ಟರೆ ಹಣ ಬರುವುದು ನೆಟ್ಟಿದ್ದಕ್ಕಲ್ಲ, ಬದುಕಿದ್ದಕ್ಕೆ: ಗಿಡವೊಂದಕ್ಕೆ ಮೊದಲ ವರ್ಷದ ಕೊನೆಗೆ 35 ರೂಪಾಯಿ, ಎರಡನೆಯ ವರ್ಷ 40, ಮೂರನೆಯ ವರ್ಷ 50. ಇದೇ ಅಳತೆಗೋಲು ಸರ್ಕಾರಿ ನೆಡುತೋಪಿಗೂ ರಸ್ತೆಬದಿಗೂ ಬರಲಿ ಎಂಬುದು ನನ್ನ ವಾದ. ಮೂರನೆಯ ವರ್ಷ ಊರವರ ಎದುರೇ ಎಣಿಕೆಯಾಗಲಿ, ಆ ಸಂಖ್ಯೆ ಪಂಚಾಯಿತಿ ಗೋಡೆಯ ಮೇಲೆ ಬರಲಿ. ಮಳೆ ಕೈಕೊಟ್ಟರೆ ಸಿಬ್ಬಂದಿ ಏನು ಮಾಡಬೇಕು ಎನ್ನಬಹುದು. ರೈತನಿಗೂ ಅದೇ ಮಳೆ ತಾನೆ? ನೀರಿಗೆ, ಬೇಲಿಗೆ ದುಡ್ಡಿಲ್ಲ ಎಂಬ ಮಾತಿನಲ್ಲಿ ಹೆಚ್ಚು ನ್ಯಾಯವಿದೆ. ಹಾಗಾದರೆ ಅರ್ಧವೇ ನೆಡಿ, ಉಳಿದ ದುಡ್ಡಲ್ಲಿ ಟ್ಯಾಂಕರ್ ತರಿಸಿ, ಕಾವಲಿಗೆ ಆಳು ಇಡಿ.

ಬದುಕಿದ್ದನ್ನೇ ಎಣಿಸಹೊರಟರೆ ಎಲ್ಲರೂ ದನ ಮುಟ್ಟದ ನೀಲಗಿರಿ, ಅಕೇಶಿಯಾಗಳ ಮೊರೆಹೋಗುತ್ತಾರೆ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿದೆ. ಎಣಿಕೆಯ ಪಟ್ಟಿಯಲ್ಲಿ ಹೊಂಗೆ, ಬೇವು, ನೇರಳೆ, ಹುಣಸೆಯಂಥವಷ್ಟೇ ಇದ್ದರಾಯಿತು. ಇನ್ನು, ಕಾಡನ್ನು ಅದರ ಪಾಡಿಗೆ ಬಿಡಿ ಎನ್ನುವವರಿದ್ದಾರೆ. ಬೇರು ಜೀವಂತವಿರುವ ಕುರುಚಲು ಕಾಡಿನಲ್ಲಿ ಹೊಸ ಗುಂಡಿ ತೋಡುವುದು ದಂಡ ಎಂಬಷ್ಟು ಮಟ್ಟಿಗೆ ಅವರ ಮಾತು ಸರಿ. ಆದರೆ ‘ಬಿಡುವುದು’ ಎಂದರೆ ಕೈಕಟ್ಟಿ ಕೂರುವುದಲ್ಲ. ಕಡಿದ ತೇಗ, ದಿಂಡಿಗದ ಬುಡದಲ್ಲಿ ಏಳೆಂಟು ಚಿಗುರು ಒಟ್ಟಿಗೇ ಏಳುತ್ತವೆ; ನೆಟ್ಟಗಿನ ಒಂದೆರಡನ್ನು ಉಳಿಸಿ ಮಿಕ್ಕವನ್ನು ಸವರಿದರೆ ಹಳೆ ಬೇರಿನ ಕಸುವೆಲ್ಲ ಅವಕ್ಕೇ. ಸವರಿದ್ದು ಊರಿನ ಒಲೆಗಾಗುತ್ತದೆ. ಹುಲ್ಲು ಒಣಗುವ ಮೊದಲೇ ಬೆಂಕಿರೇಖೆ ತೆಗೆದು ನಾಲ್ಕು ಬೇಸಿಗೆ ಕಾದರೆ, ಒಂದು ಸಸಿಯನ್ನೂ ಕೊಳ್ಳದೆ ಅಲ್ಲಿ ನೆರಳು ಕೂಡುತ್ತದೆ. ಫೋಟೊಗೆ ನಿಲ್ಲಲು ಜಾಗ ಸಿಗಲಿಕ್ಕಿಲ್ಲ, ಅಷ್ಟೆ.