ಬದುವಿಗೆ ಬಡಿದಾಡುವವರ ಫ್ಲ್ಯಾಟು

ಮಹಾರಾಷ್ಟ್ರದ ಉಮರ್ಗಾ ಬಳಿಯ ಗುಂಜೋಟಿಯ ರೈತನಿಗೆ ಜಮೀನಿನ ಕಾಗದ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ. ಸಾತ್‌ಬಾರಾ ಪಹಣಿಯಲ್ಲಿ ಒಂದು ಗುಂಟೆ ಆಚೀಚೆಯಾದರೆ ತಲಾಠಿಗಿಂತ ಮೊದಲು ಅವನಿಗೇ ಗೊತ್ತಾಗುತ್ತದೆ. ಮೊಳ ಅಗಲದ ಬದುವಿಗಾಗಿ ಅಪ್ಪ ಹೂಡಿದ ದಾವೆಯನ್ನು ಮಗ ನಡೆಸುತ್ತಾನೆ. ಅಂಥ ಊರಿನ ನಮ್ಮ ನೆಂಟರೊಬ್ಬರು ಮಗನಿಗಾಗಿ ಪುಣೆಯಲ್ಲಿ ಫ್ಲ್ಯಾಟ್ ಬುಕ್ ಮಾಡಿ ಈ ವಾರ ಪೇಢೆ ಹಂಚಿದರು. ‘ನೆಲ ಯಾರ ಹೆಸರಿಗದ?’ ಅಂದೆ. ‘ಬಿಲ್ಡರ್ ಭಾಳ ಚಲೋ ಮನುಷ್ಯಾ, ಸ್ವಿಮ್ಮಿಂಗ್ ಪೂಲ್ ಮಾಡ್ಸಲತ್ತಾನ’ ಅಂದರು. ‘ಅಗ್ರಿಮೆಂಟ್?’ ‘ಅದು ದೀಪಾವಳಿ ಆದ ಮ್ಯಾಲ.’

ಕಾಲು ಭಾಗ ದುಡ್ಡು ಆಗಲೇ ಕೈಬಿಟ್ಟಿದೆ. ನೋಂದಾಯಿತ ಒಪ್ಪಂದ ಆಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎನ್ನುತ್ತದೆ 2016ರ ರಿಯಲ್ ಎಸ್ಟೇಟ್ ಕಾಯ್ದೆ ‘ರೇರಾ’ದ 13ನೇ ಕಲಮು. ಮಗ ಇಂಜಿನಿಯರು. ಚಹದಂಗಡಿಯಲ್ಲಿ ಹತ್ತು ರೂಪಾಯಿ ಕೊಡಲಿಕ್ಕೂ ಮೊಬೈಲ್ ತೆಗೆದು ಕ್ಯೂಆರ್ ಸ್ಕ್ಯಾನ್ ಮಾಡುತ್ತಾನೆ. 2023ರ ಆಗಸ್ಟ್‌ನಿಂದ ಮಹಾರಾಷ್ಟ್ರದಲ್ಲಿ ಹೊಸ ಕಟ್ಟಡದ ಜಾಹೀರಾತಿನ ಮೇಲೂ ಕ್ಯೂಆರ್ ಕಡ್ಡಾಯ. ಅದನ್ನು ಸ್ಕ್ಯಾನ್ ಮಾಡಿದರೆ ಜಮೀನಿನ ಹಕ್ಕು, ಅದರ ಮೇಲಿನ ಸಾಲ, ಕೋರ್ಟ್ ವ್ಯಾಜ್ಯ, ಮಂಜೂರಾದ ನಕ್ಷೆ, ಮುಗಿಸುವ ತಾರೀಖು ಎಲ್ಲ ಸಿಗುತ್ತವೆ. ಅದನ್ನು ಮಾತ್ರ ಅವನು ಸ್ಕ್ಯಾನ್ ಮಾಡಿಲ್ಲ.

ನನ್ನ ಹಳೆಯ ತಕರಾರು ಬೇರೆಯೇ. ಫ್ಲ್ಯಾಟಿನ ಬಾಗಿಲಿಗೆ ಹೆಸರಿನ ಫಲಕ ಹೊಡೆದ ಮಾತ್ರಕ್ಕೆ ಕೆಳಗಿನ ನೆಲ ನಿಮ್ಮದಾಗುವುದಿಲ್ಲ. ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ ಮಾಲೀಕರೆಲ್ಲ ಸೇರಿ ಸಹಕಾರ ಸೊಸೈಟಿ ಮಾಡಿಕೊಳ್ಳಬೇಕು. ನೆಲ, ಕಟ್ಟಡ ಎರಡನ್ನೂ ಬಿಲ್ಡರ್ ಆ ಸೊಸೈಟಿಗೆ ಬರೆದುಕೊಡಬೇಕು. ಅದೇ ಕನ್ವೆಯನ್ಸ್. 1963ರ ಫ್ಲ್ಯಾಟ್ ಕಾಯ್ದೆಯಿಂದಲೂ ಇದು ಅವನ ಹೊಣೆ. ಬರೆದುಕೊಡದೆ ಕೂತವರು ಎಷ್ಟು ಮಂದಿಯಿದ್ದರೆಂದರೆ, 2008ರಲ್ಲಿ ಆ ಕಾಯ್ದೆಯನ್ನೇ ತಿದ್ದಿ ‘ಡೀಮ್ಡ್ ಕನ್ವೆಯನ್ಸ್’ ತರಬೇಕಾಯಿತು: ಬಿಲ್ಡರ್ ಸಹಿ ಹಾಕದಿದ್ದರೂ ಸಹಕಾರ ಇಲಾಖೆಯ ಜಿಲ್ಲಾ ಉಪನಿಬಂಧಕರ ಮುಂದೆ ಹೋಗಿ ಸೊಸೈಟಿ ತನ್ನ ಹಕ್ಕು ಪಡೆಯಬಹುದು. ಎಷ್ಟು ಸೊಸೈಟಿಗಳು ಹೋಗುತ್ತವೆ? ವಾರ್ಷಿಕ ಸಭೆಯಲ್ಲಿ ಲಿಫ್ಟು ಮತ್ತು ನಾಯಿಗಳ ವಿಚಾರ ಮುಗಿಯುವಷ್ಟರಲ್ಲಿ ಸಮೋಸಾ ಬಂದಿರುತ್ತದೆ. ಮೂವತ್ತು ವರ್ಷದ ಮೇಲೆ ಕಟ್ಟಡ ಕೆಡವಿ ಕಟ್ಟುವ ಮಾತು ಬಂದಾಗ ನೋಡಿದರೆ, ನೆಲದ ದಾಖಲೆಯಲ್ಲಿ ಇನ್ನೂ ಮೊದಲಿನ ಮಾಲೀಕನ ಹೆಸರು.

ಕಲಬುರಗಿ, ಬೆಂಗಳೂರಿನ ನೆಂಟರು ನಗಬೇಕಾಗಿಲ್ಲ. ಅಲ್ಲಿ 1972ರ ಅಪಾರ್ಟ್‌ಮೆಂಟ್ ಕಾಯ್ದೆಯಂತೆ ಘೋಷಣಾ ಪತ್ರ ನೋಂದಣಿಯಾಗಿ, ಪ್ರತಿ ಫ್ಲ್ಯಾಟಿಗೂ ನೆಲದಲ್ಲಿ ಅವಿಭಜಿತ ಪಾಲು ಬರಬೇಕು. ಆ ಪಾಲು ಎಷ್ಟೆಂದು ಕೇಳಿ ನೋಡಿ, ಕಾರ್ಪೆಟ್ ಏರಿಯಾ ಹೇಳುತ್ತಾರೆ. ಇನ್ನು ಓಸಿ (ಸ್ವಾಧೀನಾನುಭವ ಪತ್ರ) ಇಲ್ಲದೆ ಕರೆಂಟ್ ಇಲ್ಲ ಎಂಬ ಗಲಾಟೆ ನೀವೇ ಓದಿದ್ದೀರಿ. ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಡಿಸೆಂಬರಿನಲ್ಲಿ. ಗೃಹಪ್ರವೇಶದ ಮುಹೂರ್ತಕ್ಕೆ ಅದು ತಿಳಿಯಬೇಕಲ್ಲ!

ನೆಲದ ಮಾತಿಗೆ ನಮ್ಮ ಸೀಮೆ ಇಷ್ಟು ಉರಿಯುವುದಕ್ಕೆ ಕಾರಣ ಇಲ್ಲದಿಲ್ಲ. 1956ರಲ್ಲಿ ನಿಲಂಗಾ, ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಯಿಂದ ಕಳಚಿ ಮುಂಬಯಿ ರಾಜ್ಯಕ್ಕೆ ಸೇರಿದವು; ಹಿರಿಯರು ಇದ್ದಲ್ಲೇ ಇದ್ದರು, ಕಚೇರಿಯ ಭಾಷೆ ಬದಲಾಯಿತು. ನಮ್ಮವರು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಂದಾಯಕ್ಕೆ ನಿಜಾಮನ ಕಾಲದ ಉರ್ದು ಮಾತು ಕಲಿತು ಮೂರರಲ್ಲೂ ಜಗಳ ತೆಗೆಯಬಲ್ಲವರು. ಬಿಲ್ಡರಿನ ಒಪ್ಪಂದ ಇಂಗ್ಲಿಷಿನಲ್ಲಿರುತ್ತದೆ. ಪುಟಪುಟಕ್ಕೂ ಸಹಿ ಬೀಳುತ್ತದೆ, ಜಗಳ ಬೀಳುವುದಿಲ್ಲ.

ಗೋಡೆಯ ಮಾತೂ ಅಷ್ಟೇ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಕಲ್ಲು-ಮಣ್ಣಿನ ಗೋಡೆಗಳು ಮಲಗಿದವರ ಮೇಲೆ ಬಿದ್ದದ್ದನ್ನು ಕಂಡ ಸೀಮೆ ಇದು. ಕಟ್ಟಡದಲ್ಲಿ ರಚನಾ ದೋಷ ಕಂಡರೆ, ಸ್ವಾಧೀನ ಕೊಟ್ಟ 5 ವರ್ಷದವರೆಗೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು ಎಂದು ರೇರಾದ 14ನೇ ಕಲಮಿನಲ್ಲಿದೆ. ನಮ್ಮ ನೆಂಟರು ಕೇಳಿದ್ದು ಟೈಲ್ಸಿನ ಬಣ್ಣ.

‘ಪುಣೆ ಬ್ಯಾಡ ಅಂದ್ರ ಉಮರ್ಗಾದಾಗೇ ತಗೊಂತೀವಿ, ಸಣ್ಣ ಬಿಲ್ಡಿಂಗ್’ ಎಂದರು ಕೊನೆಗೆ, ನನ್ನನ್ನು ಸಮಾಧಾನಪಡಿಸಲು. ಜಾಗ 500 ಚದರ ಮೀಟರ್ ದಾಟದಿದ್ದರೆ, ಇಲ್ಲವೇ ಮನೆಗಳು 8ನ್ನು ದಾಟದಿದ್ದರೆ ರೇರಾ ನೋಂದಣಿಯೇ ಬೇಕಿಲ್ಲ. ಹಾಗಾಗಿ ತಾಲ್ಲೂಕು ಊರಿನ ಬಿಲ್ಡರುಗಳು ಈ ಸೈಟಿನಲ್ಲಿ ಎಂಟು, ಹೆಂಡತಿಯ ಹೆಸರಿನ ಪಕ್ಕದ ಸೈಟಿನಲ್ಲಿ ಎಂಟು, ಭಾವಮೈದುನನದರಲ್ಲಿ ಮತ್ತೆಂಟು ಕಟ್ಟುತ್ತಾರೆ. ಒಂಬತ್ತರ ಮಗ್ಗಿ ಇವರಿಗೆ ಯಾವ ಶಾಲೆಯಲ್ಲೂ ಬಂದಂತಿಲ್ಲ.